ಹಾಂಕಾಂಗ್‌ನಲ್ಲಿ ಡಿಮ್ ಸಮ್ ಮತ್ತು ಸೀಫುಡ್ ಊಟ: ಟೇಬಲ್ ಹಿಡಿಯುವುದರಿಂದ ಬಿಲ್ ಕಟ್ಟುವ ತನಕ

ಹಾಂಕಾಂಗ್‌ಗೆ ಹೋಗಿ ಬಂದ ನಮ್ಮವರು ಊಟದ ಮಾತು ತೆಗೆದರೆ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮಧ್ಯಾಹ್ನ ಮೂರೂವರೆಗೆ ಹೋದೆವು, ಡಿಮ್ ಸಮ್ (ಚಹಾ ಜೊತೆ ಪುಟ್ಟ ಬುಟ್ಟಿಗಳಲ್ಲಿ ಬರುವ ಕಡುಬು, ಬನ್‌ನಂಥ ತಿಂಡಿಗಳು) ಮುಗಿದಿತ್ತು. ಮೂಲಂಗಿ ಕೇಕ್ ಅಂತ ತರಿಸಿದೆವು, ಒಳಗೆ ಒಣಸಿಗಡಿ ಸಿಕ್ಕಿತು. ಒಂದೇ ಒಂದು ಮೀನಿಗೆ ಬಂದ ಬಿಲ್ ನೋಡಿ ಎದೆ ಧಸಕ್ ಎಂದಿತು.

ಇದರಲ್ಲಿ ರುಚಿಯ ದೂರು ಒಂದೂ ಇಲ್ಲ, ಗಮನಿಸಿ. ಎಲ್ಲವೂ ಕ್ರಮ ತಪ್ಪಿದ್ದರಿಂದ ಆದದ್ದು. ಕೇಳಬೇಕಾದ ಪ್ರಶ್ನೆಯನ್ನು ಕೇಳಿರುತ್ತಾರೆ, ಆದರೆ ಮೀನು ಬೆಂದ ಮೇಲೆ ಕೇಳಿರುತ್ತಾರೆ. ಹಾಗಾಗಿ ಕೆಳಗಿನ ಹಂತಗಳನ್ನು ಇದ್ದ ಕ್ರಮದಲ್ಲೇ ಮಾಡಿ. ನಡುವೆ ಒಂದನ್ನು ಹಾರಿಸಿದರೆ ಮುಂದಿನದು ಎಡವಟ್ಟಾಗುತ್ತದೆ.

## ಹೊರಡುವ ಮುಂಚೆ ಜೊತೆಗೆ ಇರಬೇಕಾದ್ದು

ದೊಡ್ಡ ತಯಾರಿ ಏನೂ ಬೇಡ. ಫೋನಿನಲ್ಲಿ ಕ್ಯಾಮೆರಾ ಹಿಡಿದರೆ ಅನುವಾದ ಮಾಡುವ ಆಪ್ ಇರಲಿ. ಚೀನೀ ಭಾಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಹಾಂಕಾಂಗ್‌ನಲ್ಲಿ ಬಳಸುವುದು ಹಳೆಯ, ಅಂದರೆ ಸಾಂಪ್ರದಾಯಿಕ ಲಿಪಿ. ಆಪ್‌ನಲ್ಲಿ ಸರಳೀಕೃತ, ಸಾಂಪ್ರದಾಯಿಕ ಅಂತ ಎರಡು ಆಯ್ಕೆ ಕಂಡರೆ ಎರಡನೆಯದನ್ನು ಆರಿಸಿ.

ಸ್ವಲ್ಪ ನಗದು ಇಟ್ಟುಕೊಳ್ಳಿ. ದೊಡ್ಡ ರೆಸ್ಟೋರೆಂಟ್‌ಗಳಲ್ಲಿ ಕಾರ್ಡ್ ನಡೆಯುತ್ತದೆ. ಆದರೆ ದಡದ ಮೀನಂಗಡಿಗಳಲ್ಲಿ, ಹಳೆಯ ಟೀ ಹೌಸ್‌ಗಳಲ್ಲಿ ನಗದೇ ಕೇಳಬಹುದು.

ಮೂರನೆಯದು ಜನ. ಇಬ್ಬರೇ ಹೋದರೆ ಈ ಊಟದ ಅರ್ಧ ಮಜಾ ಹೋಗುತ್ತದೆ. ಒಂದು ಬುಟ್ಟಿಯಲ್ಲಿ 3 ಅಥವಾ 4 ತುಂಡು ಬರುತ್ತವೆ, ಎಲ್ಲವನ್ನೂ ಹಂಚಿಕೊಂಡು ತಿನ್ನುವುದೇ ಪದ್ಧತಿ. ನಾಲ್ಕು ಜನ ಇದ್ದರೆ ಲೆಕ್ಕ ಚೆನ್ನಾಗಿ ಕೂರುತ್ತದೆ.

## ಹಂತ 1: ಡಿಮ್ ಸಮ್ ಹಗಲಿಗೆ, ಮೀನು ರಾತ್ರಿಗೆ

ಜನ ಎಡವುವ ಮೊದಲ ಜಾಗ ಇದು. ರೆಸ್ಟೋರೆಂಟ್ ಒಂದೇ, ಬೋರ್ಡ್‌ನಲ್ಲಿ ಡಿಮ್ ಸಮ್, ಸೀಫುಡ್ ಎರಡೂ ಬರೆದಿರುತ್ತದೆ. ಆದರೆ ಎರಡೂ ಒಂದೇ ಹೊತ್ತಿನ ಊಟ ಅಲ್ಲ. ಡಿಮ್ ಸಮ್ ಬೆಳಗ್ಗೆ ಶುರುವಾಗಿ ಸಾಮಾನ್ಯವಾಗಿ ಮಧ್ಯಾಹ್ನ ಮೂರರ ಸುಮಾರಿಗೆ ಮುಗಿಯುತ್ತದೆ. ಆಮೇಲೆ ಅಡುಗೆಮನೆ ರಾತ್ರಿಯ ದೊಡ್ಡ ಊಟಕ್ಕೆ ತಿರುಗುತ್ತದೆ. ಇಡೀ ದಿನ ಡಿಮ್ ಸಮ್ ಕೊಡುವ ಅಂಗಡಿಗಳೂ ಇವೆ. ಆದರೆ ಅವು ಹೆಚ್ಚಾಗಿ ಡಿಮ್ ಸಮ್‌ಗೇ ಮೀಸಲಾದ ಚಿಕ್ಕ ಜಾಗಗಳು. ಅಲ್ಲಿ ಮೀನಿನ ತೊಟ್ಟಿ ಇರುವುದಿಲ್ಲ.

ಒಂದೇ ಊಟದಲ್ಲಿ ಎರಡನ್ನೂ ಮುಗಿಸಿಬಿಡೋಣ ಅಂತ ಹೊರಟವರಿಗೆ ಕೊನೆಗೆ ಎರಡೂ ಸರಿಯಾಗಿ ಸಿಗುವುದಿಲ್ಲ. ನನ್ನ ಸಲಹೆ ಇಷ್ಟೇ: ಒಂದು ದಿನ ಬೆಳಗ್ಗೆ ಹತ್ತರ ಸುಮಾರಿಗೆ ಡಿಮ್ ಸಮ್‌ಗೆ ಹೋಗಿ. ಇನ್ನೊಂದು ದಿನ ಸಂಜೆ ಸಮುದ್ರದ ಕಡೆ ಹೋಗಿ.

ಭಾನುವಾರ ಹನ್ನೊಂದರಿಂದ ಒಂದರ ತನಕ ಹೋಗಲೇಬೇಡಿ. ಅಜ್ಜ ಅಜ್ಜಿಯಿಂದ ಮೊಮ್ಮಕ್ಕಳ ತನಕ ಇಡೀ ಕುಟುಂಬ ಬಂದು ಕೂರುವ ಹೊತ್ತು ಅದು. ಅವರಿಗೆ ಏಳುವ ಆತುರ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ.

## ಹಂತ 2: ತಿನ್ನದ ಪದಾರ್ಥಗಳನ್ನು ಬರೆದಿಟ್ಟುಕೊಳ್ಳಿ

ಹಂದಿ, ದನ, ಮೊಟ್ಟೆ, ಚಿಪ್ಪುಮೀನು, ಕಡಲೆಕಾಯಿ ಹೀಗೆ ಯಾವುದನ್ನು ಬಿಡುತ್ತೀರೋ ಅದನ್ನು ಒಂದು ವಾಕ್ಯ ಮಾಡಿ, ಚೀನೀ ಲಿಪಿಗೆ ಅನುವಾದಿಸಿ, ದೊಡ್ಡ ಅಕ್ಷರದಲ್ಲಿ ಫೋನಿನಲ್ಲಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. "ನಾನು ಹಂದಿ ಮಾಂಸ, ಹಂದಿ ಕೊಬ್ಬು ಎರಡೂ ತಿನ್ನುವುದಿಲ್ಲ" ಅನ್ನುವಷ್ಟು ಬಿಡಿಸಿ ಬರೆಯಿರಿ. ಸುಮ್ನೆ "ಹಂದಿ ಬೇಡ" ಅಂದರೆ ಮಾಂಸದ ತುಂಡು ಇಲ್ಲದ್ದನ್ನು ತಂದಿಡುತ್ತಾರೆ, ಕೊಬ್ಬು ಮಾತ್ರ ಹಿಟ್ಟಿನ ಒಳಗೇ ಇರುತ್ತದೆ.

ಯಾವುದರಲ್ಲಿ ಏನು ಅಡಗಿರುತ್ತದೆ ಅಂತ ಮೊದಲೇ ತಿಳಿದಿರಲಿ:

- ಹಾರ್ ಗಾವ್, ಅಂದರೆ ತೆಳು ಪಾರದರ್ಶಕ ಹೊದಿಕೆಯ ಸಿಗಡಿ ಕಡುಬು. ಹೆಸರು ಸಿಗಡಿಯದೇ ಆದರೂ ಅನೇಕ ಕಡೆ ಹೂರಣಕ್ಕೆ ಹಂದಿ ಕೊಬ್ಬು ಸೇರಿಸುತ್ತಾರೆ.
- ಸಿಯು ಮಾಯ್, ಹಳದಿ ಹೊದಿಕೆಯ ಬಾಯಿ ತೆರೆದ ಕಡುಬು. ಇದು ಹಂದಿ ಮತ್ತು ಸಿಗಡಿ.
- ಚಾರ್ ಸಿಯು ಬಾವ್, ಬಿಳಿ ಮೆತ್ತನೆ ಬನ್. ಒಳಗೆ ಸಿಹಿ ಉಪ್ಪು ರುಚಿಯ ಹಂದಿ ಮಾಂಸ.
- ಲೋ ಬಾಕ್ ಗೋ, ಮೂಲಂಗಿ ಕೇಕ್. ಹೆಸರು ಕೇಳಿ ಸಸ್ಯಾಹಾರಿಗಳು ಮೋಸ ಹೋಗುವುದು ಇಲ್ಲೇ. ಒಣಸಿಗಡಿ, ಚೀನೀ ಸಾಸೇಜ್ ಎರಡೂ ಇರುತ್ತವೆ.
- ಲೋ ಮಾಯ್ ಗಾಯ್, ತಾವರೆ ಎಲೆಯಲ್ಲಿ ಕಟ್ಟಿದ ಅಂಟು ಅಕ್ಕಿ ಅನ್ನ. ಕೋಳಿ ಜೊತೆಗೆ ಹಂದಿಯೂ ಇರಬಹುದು.
- ದಾನ್ ತಾತ್, ಮೊಟ್ಟೆ ಟಾರ್ಟ್. ಹೊರಗಿನ ಗರಿ ಗರಿ ಪದರಕ್ಕೆ ಹಂದಿ ಕೊಬ್ಬು ಬಳಸುವುದುಂಟು.
- ಬೇಯಿಸಿದ ಸೊಪ್ಪು. ಮೇಲೆ ಆಯ್ಸ್ಟರ್ ಅನ್ನುವ ಚಿಪ್ಪುಮೀನಿನ ಸಾಸ್ ಸುರಿದೇ ತರುತ್ತಾರೆ. ಬೇಡ ಅಂತ ಆರ್ಡರ್ ಮಾಡುವಾಗಲೇ ಹೇಳಬೇಕು.
- ಎಕ್ಸ್‌ಒ ಸಾಸ್. ಚಟ್ನಿ ಥರ ಕಾಣುತ್ತದೆ, ಒಳಗೆ ಒಣಗಿಸಿದ ಸ್ಕಾಲಪ್, ಸಿಗಡಿ, ಹ್ಯಾಮ್ ಇರುತ್ತವೆ.

ಪೂರ್ತಿ ಸಸ್ಯಾಹಾರಿಗಳಿಗೆ ಒಂದು ನೇರ ಮಾತು. ಸೀಫುಡ್ ರೆಸ್ಟೋರೆಂಟ್‌ನಲ್ಲಿ ಹೊಂದಿಸಿಕೊಳ್ಳಲು ಹೋಗಬೇಡಿ. ಒಂದೇ ಹಬೆಪಾತ್ರೆ, ಒಂದೇ ಬಾಣಲೆ, ಕೋಳಿ ಸಾರಿನಲ್ಲಿ ಬೆಂದ ಸೊಪ್ಪು. ಅಡುಗೆಯವರಿಗೂ ಕಷ್ಟ, ನಿಮಗೂ ಕಷ್ಟ. ಅದರ ಬದಲು ಬೌದ್ಧ ಸಸ್ಯಾಹಾರದ ಜಾಗಕ್ಕೆ ಹೋಗಿ. ಡೈಮಂಡ್ ಹಿಲ್‌ನ ನಾನ್ ಲಿಯಾನ್ ಉದ್ಯಾನದ ಒಳಗೆ ಚಿ ಲಿನ್ ಸಂಸ್ಥೆಯ ಸಸ್ಯಾಹಾರಿ ರೆಸ್ಟೋರೆಂಟ್ ಇದೆ. ಲಾಂಟಾವ್ ದ್ವೀಪದಲ್ಲಿ ದೊಡ್ಡ ಬುದ್ಧನ ಹತ್ತಿರದ ಪೋ ಲಿನ್ ಮಠದಲ್ಲೂ ಊಟ ಸಿಗುತ್ತದೆ. ಈ ಬಗೆಯ ಅಡುಗೆಗೆ "ಜಾಯ್" ಅನ್ನುತ್ತಾರೆ. ಸಂಪ್ರದಾಯದ ಜಾಯ್ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ನಮ್ಮಲ್ಲಿ ಅವೆರಡನ್ನು ಬಿಡುವವರಿಗೆ ಇದು ಇನ್ನೂ ಒಳ್ಳೆಯದೇ ಅಲ್ವಾ?

ಗುಂಪಿನಲ್ಲಿ ಒಬ್ಬರು ಮಾತ್ರ ಸಸ್ಯಾಹಾರಿ, ಬಿಟ್ಟು ಹೋಗಲು ಆಗುವುದಿಲ್ಲ ಅಂದರೆ ಅವರಿಗೆ ಸಾಸ್ ಇಲ್ಲದ ಚೋಯ್ ಸಮ್ ಸೊಪ್ಪು, ಬಿಳಿ ಅನ್ನ, ಹೂರಣ ಇಲ್ಲದ ಅಕ್ಕಿ ಹಾಳೆಯ ಸುರುಳಿ ಹೇಳಿ. ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ.

## ಹಂತ 3: ಟೇಬಲ್ ಹಿಡಿಯುವುದು

ಬಾಗಿಲಲ್ಲಿ ಎಷ್ಟು ಜನ ಅಂತ ಬೆರಳಲ್ಲಿ ತೋರಿಸಿದರೆ ಸಾಕು. ನಂಬರ್ ಇರುವ ಚೀಟಿ ಕೊಡುತ್ತಾರೆ. ನಂಬರ್ ಅನ್ನು ಕ್ಯಾಂಟನೀಸ್‌ನಲ್ಲಿ ಮಾತ್ರ ಕೂಗುವ ಜಾಗಗಳೂ ಇವೆ. ಹಾಗಾಗಿ ಚೀಟಿ ಹಿಡಿದು ದೂರ ಸುತ್ತಾಡಲು ಹೋಗಬೇಡಿ. ಪರದೆಯ ಮೇಲೆ ಕಣ್ಣಿಡಿ, ಇಲ್ಲವೇ ಚೀಟಿಯನ್ನು ಆಗಾಗ ತೋರಿಸಿ ಕೇಳಿ.

ಹಳೆಯ ಟೀ ಹೌಸ್‌ಗಳಲ್ಲಿ ಒಂದೇ ದುಂಡು ಟೇಬಲ್‌ಗೆ ಗುರುತಿಲ್ಲದವರನ್ನೂ ಕೂರಿಸುತ್ತಾರೆ. ಜನ ತುಂಬಿದ ಹೊತ್ತಿನ ನಮ್ಮ ದರ್ಶಿನಿಯ ಹಾಗೆ. ಒಂದು ತಲೆಬಾಗು, ಒಂದು ನಗು ಸಾಕು. ಮಾತಾಡಿಸಲೇಬೇಕು ಅಂತ ಇಲ್ಲ.

ತಿಂಡಿಯ ತಳ್ಳುಗಾಡಿ ಟೇಬಲ್‌ಗಳ ನಡುವೆ ಬರುವುದನ್ನು ನೋಡುವ ಆಸೆ ಇದ್ದರೆ ಸೆಂಟ್ರಲ್ ಅನ್ನುವ ಪ್ರದೇಶದ ಸಿಟಿ ಹಾಲ್‌ನಲ್ಲಿರುವ ಮ್ಯಾಕ್ಸಿಮ್ಸ್ ಪ್ಯಾಲೇಸ್ ಅದಕ್ಕೆ ಹೆಸರುವಾಸಿ. ಬಹುಪಾಲು ಕಡೆ ಗಾಡಿ ಹೋಗಿ ಆರ್ಡರ್ ಬರೆಯುವ ಚೀಟಿ ಬಂದಿದೆ. ಗಾಡಿ ಇಲ್ಲ ಅಂತ ಮುಖ ಸಪ್ಪೆ ಮಾಡಬೇಡಿ. ಚೀಟಿ ಬರೆದು ಕೊಟ್ಟರೆ ಆಗಷ್ಟೇ ಬೆಂದದ್ದು ಬರುತ್ತದೆ.

## ಹಂತ 4: ಮೊದಲ ಪ್ರಶ್ನೆ ಚಹಾದ್ದು

ಕೂತ ತಕ್ಷಣ ಸಿಬ್ಬಂದಿ ಕೇಳುವುದು ಯಾವ ಚಹಾ ಅಂತ. ಇದು ಬೇಕೋ ಬೇಡವೋ ಅನ್ನುವ ಪ್ರಶ್ನೆ ಅಲ್ಲ. ತಲೆಗೆ ಇಷ್ಟು ಅಂತ ಚಹಾದ ದುಡ್ಡು ಬಿಲ್‌ಗೆ ಸೇರುವುದು ಇಲ್ಲಿನ ರೂಢಿ. ಬರೀ ನೀರು ಕೇಳಿದರೂ ಅನೇಕ ಕಡೆ ಆ ದುಡ್ಡು ತಪ್ಪುವುದಿಲ್ಲ. ಬರುವ ನೀರು ಬಿಸಿ ಬಿಸಿಯೇ ಇರುತ್ತದೆ.

ಒಂದು ಹೆಸರು ಮೊದಲೇ ಇಟ್ಟುಕೊಳ್ಳಿ. ಪೂ ಅರ್ ಕಪ್ಪಗೆ, ಮಣ್ಣಿನ ವಾಸನೆಯದು, ಕರಿದದ್ದು ತಿನ್ನುವವರು ಇದನ್ನೇ ಹೇಳುತ್ತಾರೆ. ಇಲ್ಲಿ ಅದನ್ನು ಬೋ ಲೇ ಅನ್ನುತ್ತಾರೆ. ಮಲ್ಲಿಗೆ ಚಹಾ ಹಗುರ, ಮೊದಲ ಸಲದವರಿಗೆ ಹಿಡಿಸುತ್ತದೆ. ಸೇವಂತಿಗೆ ಹೂವಿನದರಲ್ಲಿ ಚಹಾ ಎಲೆಯೇ ಇಲ್ಲ, ಮಕ್ಕಳಿಗೂ ನಡೆಯುತ್ತದೆ. ಹಾಲು, ಸಕ್ಕರೆ ಕೇಳಬೇಡಿ.

ಅಕ್ಕಪಕ್ಕದವರು ಮೊದಲ ಚಹಾವನ್ನು ಬಟ್ಟಲಿಗೆ ಸುರಿದು ಲೋಟ, ಚಾಪ್‌ಸ್ಟಿಕ್ ತೊಳೆಯುವುದು ಕಾಣುತ್ತದೆ. ನೀವೂ ತೊಳೆಯಬಹುದು, ತೊಳೆದ ನೀರಿಗೆ ದೊಡ್ಡ ಬಟ್ಟಲು ಕೊಟ್ಟಿರುತ್ತಾರೆ. ಒಳ್ಳೆಯ ರೆಸ್ಟೋರೆಂಟ್‌ನಲ್ಲಿ ಇದರ ಅಗತ್ಯ ಇಲ್ಲ. ತಪ್ಪು ಆಗುವುದು ಎಲ್ಲಿ ಅಂದರೆ, ಆ ಬಟ್ಟಲನ್ನು ಸೂಪ್ ಅಂದುಕೊಂಡಾಗ.

ಚಹಾದಲ್ಲಿ ಇನ್ನೆರಡು ಸಂಗತಿ. ನಿಮಗೆ ಯಾರಾದರೂ ಸುರಿದರೆ ಎರಡು ಬೆರಳಿಂದ ಟೇಬಲ್ ಮೇಲೆ ಮೆಲ್ಲಗೆ ತಟ್ಟಿ, ಅದೇ ಧನ್ಯವಾದ. ಕುಡಿಕೆ ಖಾಲಿಯಾದರೆ ಕೂಗಬೇಡಿ. ಮುಚ್ಚಳವನ್ನು ಓರೆಯಾಗಿ ಇಡಿ, ಬಂದು ಬಿಸಿನೀರು ತುಂಬುತ್ತಾರೆ. ಸುರಿಯುವಾಗ ಮೊದಲು ಬೇರೆಯವರಿಗೆ, ಕೊನೆಗೆ ನಿಮಗೆ.

ಇದೇ ಹೊತ್ತಿಗೆ ಟೇಬಲ್ ಮೇಲೆ ಕಡಲೆಕಾಯಿ ಅಥವಾ ಉಪ್ಪಿನಕಾಯಿಯ ಪುಟ್ಟ ತಟ್ಟೆ ಬಂದು ಕೂರುತ್ತದೆ. ಕೇಳದೇ ಬಂದದ್ದು ಪುಕ್ಕಟೆ ಅಲ್ಲ. ಬೇಡವಾದರೆ ಮುಟ್ಟದೇ ವಾಪಸ್ ಕೊಡಿ. "ಮ್ ಯಿಯು" ಅಂದರೆ ಬೇಡ ಅಂತ. ಒಂದು ಕಾಳು ಬಾಯಿಗೆ ಹಾಕಿದರೂ ಬಿಲ್‌ಗೆ ಸೇರಿದ ಹಾಗೆ.

## ಹಂತ 5: ಚೀಟಿ ತುಂಬುವುದು, ಅದೂ ಕಂತಿನಲ್ಲಿ

ಪೆನ್ಸಿಲ್ ಮತ್ತು ಉದ್ದದ ಚೀಟಿ ಕೊಡುತ್ತಾರೆ. ಬೇಕಾದ ತಿಂಡಿಯ ಮುಂದಿನ ಚೌಕದಲ್ಲಿ ಎಷ್ಟು ಬುಟ್ಟಿ ಅಂತ ಅಂಕಿ ಬರೆಯಬೇಕು. ನೆನಪಿರಲಿ, ಬರೆಯುವುದು ಬುಟ್ಟಿಯ ಲೆಕ್ಕ, ತುಂಡಿನ ಲೆಕ್ಕ ಅಲ್ಲ. ನಾಲ್ಕು ಜನಕ್ಕೆ ನಾಲ್ಕು ಹಾರ್ ಗಾವ್ ಬೇಕು ಅಂತ 4 ಬರೆದರೆ ಹದಿನಾರು ಬಂದು ಕೂರುತ್ತವೆ.

ತಿಂಡಿಯ ಪಕ್ಕದಲ್ಲಿ ಬೆಲೆಯ ಬದಲು ಚಿಕ್ಕದು, ಮಧ್ಯಮ, ದೊಡ್ಡದು, ವಿಶೇಷ ಅಂತ ದರ್ಜೆ ಇರುವುದುಂಟು. ಇದು ಗಾತ್ರ ಅಲ್ಲ, ಬೆಲೆಯ ದರ್ಜೆ. ಪ್ರತಿ ದರ್ಜೆಗೆ ಎಷ್ಟು ಡಾಲರ್ ಅಂತ ಚೀಟಿಯ ಮೇಲೋ ಕೆಳಗೋ ಅಚ್ಚಾಗಿರುತ್ತದೆ. ಮೊದಲು ಅದನ್ನು ಹುಡುಕಿ, ಆಮೇಲೆ ಬರೆಯಿರಿ. ಫೋನಿನ ಅನುವಾದ "ಫೀನಿಕ್ಸ್ ಹಕ್ಕಿಯ ಪಾದ" ಅಂತ ತೋರಿಸಿದರೆ ಅದು ಕೋಳಿ ಕಾಲು, ಗಾಬರಿ ಬೇಡ.

ಜನ ಮಾಡುವ ದೊಡ್ಡ ತಪ್ಪು ಎಲ್ಲವನ್ನೂ ಒಮ್ಮೆಗೇ ಬರೆಯುವುದು. ಹನ್ನೆರಡು ಬುಟ್ಟಿ ಹತ್ತು ನಿಮಿಷದಲ್ಲಿ ಬಂದು ಒಂದರ ಮೇಲೊಂದು ನಿಲ್ಲುತ್ತವೆ. ಕೆಳಗಿನದು ಆರಿ ಹೊದಿಕೆ ಬಿರುಸಾಗುತ್ತದೆ. ಡಿಮ್ ಸಮ್ ಆರಿದರೆ ಮುಗಿಯಿತು, ಅದರಲ್ಲಿ ಏನೂ ಉಳಿಯುವುದಿಲ್ಲ.

ನಾಲ್ಕು ಜನಕ್ಕೆ ಮೊದಲ ಕಂತು ಹೀಗಿರಲಿ: ಎರಡು ಬಗೆ ಹಬೆಯಲ್ಲಿ ಬೆಂದದ್ದು, ಒಂದು ಅಕ್ಕಿ ಹಾಳೆಯ ಸುರುಳಿ, ಒಂದು ಸೊಪ್ಪು. ಅದು ಅರ್ಧ ಮುಗಿದಾಗ ಇನ್ನೊಂದು ಚೀಟಿ ಕೇಳಿ ಎರಡನೆಯ ಕಂತು ಬರೆಯಿರಿ. ಇದರಲ್ಲಿ ಒಂದು ಬನ್, ಒಂದು ಕರಿದದ್ದು, ಹೊಟ್ಟೆ ತುಂಬಲು ಲೋ ಮಾಯ್ ಗಾಯ್ ಅಥವಾ ನೂಡಲ್ಸ್. ಸಿಹಿ ಕೊನೆಗೆ. ಕರಿದದ್ದನ್ನು ಮೂರು ನಾಲ್ಕು ಬಗೆ ಹೇಳಬೇಡಿ. ಕರಿದದ್ದು ನಮಗೆ ಪರಿಚಿತ ರುಚಿ, ಅದಕ್ಕೇ ಕೈ ಅತ್ತ ಹೋಗುತ್ತದೆ. ಆದರೆ ಈ ಅಡುಗೆಮನೆಯ ಕೈಚಳಕ ಇರುವುದು ಹಬೆಯಲ್ಲಿ.

## ಹಂತ 6: ತಿನ್ನುವಾಗ

ಪ್ರತಿಯೊಬ್ಬರ ಮುಂದೆ ಎರಡು ಜೊತೆ ಚಾಪ್‌ಸ್ಟಿಕ್ ಇದ್ದರೆ ಒಂದು ಬಡಿಸಿಕೊಳ್ಳಲು, ಒಂದು ಬಾಯಿಗೆ. ಬಣ್ಣ ಬೇರೆ ಬೇರೆ ಇರುತ್ತದೆ. ಎಂಜಲು ನೋಡುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ಅದು ಸತ್ತವರಿಗೆ ಊದುಬತ್ತಿ ಇಟ್ಟ ಹಾಗೆ ಕಾಣುತ್ತದೆ. ಕೈ ಓಡದಿದ್ದರೆ ಚಮಚ, ಫೋರ್ಕ್ ಕೇಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಮೊದಲು ಹಾರ್ ಗಾವ್ ತಿನ್ನಿ, ಸಾಸ್ ಇಲ್ಲದೆ. ಅಡುಗೆಮನೆ ಹೇಗಿದೆ ಅಂತ ಅದರಲ್ಲೇ ಗೊತ್ತಾಗುತ್ತದೆ. ಎತ್ತುವಾಗ ಹೊದಿಕೆ ಹರಿಯಬಾರದು, ಬುಟ್ಟಿಯ ತಳಕ್ಕೆ ಅಂಟಬಾರದು, ಸಿಗಡಿ ಹಲ್ಲಿಗೆ ಗಟ್ಟಿಯಾಗಿ ಸಿಗಬೇಕು. ಹೊದಿಕೆ ಹಿಟ್ಟು ಹಿಟ್ಟಾಗಿದ್ದರೆ ಎರಡನೆಯ ಕಂತನ್ನು ಚಿಕ್ಕದು ಮಾಡಿ, ದುಡ್ಡು ರಾತ್ರಿ ಮೀನಿಗೆ ಉಳಿಸಿ.

ಬನ್‌ನ ತಳದಲ್ಲಿ ಕಾಗದ ಇರುತ್ತದೆ, ಬಿಡಿಸಿ. ತಾವರೆ ಎಲೆ ತಿನ್ನುವುದಲ್ಲ. ಲಾವ್ ಸಾ ಬಾವ್ ಅನ್ನುವ ಬನ್‌ನ ಒಳಗೆ ಉಪ್ಪು ಮೊಟ್ಟೆಯ ಹಳದಿಯ ಬಿಸಿ ಪಾಕ ಇರುತ್ತದೆ. ಇಡಿಯಾಗಿ ಕಚ್ಚಿದರೆ ನಾಲಿಗೆ ಸುಡುತ್ತದೆ, ಅಂಗಿಯೂ ಹಾಳು. ಮೊದಲು ಸ್ವಲ್ಪ ಹರಿದು ಉಗಿ ಹೋಗಲು ಬಿಡಿ. ಮೂಳೆಯನ್ನು ಪಕ್ಕದ ಪುಟ್ಟ ತಟ್ಟೆಗೆ ಹಾಕಿ. ತಟ್ಟೆ ತುಂಬಿದರೆ ಬದಲಿಸುತ್ತಾರೆ.

ಖಾಲಿ ಬುಟ್ಟಿಗಳನ್ನು ತೆಗೆದುಕೊಂಡು ಹೋಗುತ್ತಿರುತ್ತಾರೆ. ಎಷ್ಟು ಬಂತು ಅಂತ ನಿಮ್ಮಲ್ಲಿ ಒಬ್ಬರು ಲೆಕ್ಕ ಇಡಿ, ಬಿಲ್ ಹೊತ್ತಿಗೆ ಬೇಕಾಗುತ್ತದೆ.

## ಹಂತ 7: ಜೀವಂತ ಮೀನು ಆರಿಸುವುದು

ಈಗ ಸಂಜೆಯ ಮಾತು. ಇಡೀ ಮಾರ್ಗದರ್ಶಿಯಲ್ಲಿ ದುಡ್ಡು ಹೋಗುವುದು ಈ ಹಂತದಲ್ಲಿ, ಆದ್ದರಿಂದ ನಿಧಾನವಾಗಿ ಓದಿ.

ಜಾಗಗಳು ನಾಲ್ಕು. ಸಾಯ್ ಕುಂಗ್‌ಗೆ ಚೋಯ್ ಹುಂಗ್ ಮೆಟ್ರೋ ನಿಲ್ದಾಣದಿಂದ 1ಎ ಹಸಿರು ಮಿನಿಬಸ್, ಡೈಮಂಡ್ ಹಿಲ್‌ನಿಂದ 92 ನಂಬರ್ ಬಸ್ ಇದೆ. ಅಲ್ಲಿ ದೋಣಿಯಲ್ಲೇ ಮೀನು ಇಟ್ಟುಕೊಂಡು ಮೇಲೆ ದಡದಲ್ಲಿ ನಿಂತವರಿಗೆ ಮಾರುತ್ತಾರೆ. ಲೇ ಯೂ ಮುನ್‌ಗೆ ಯಾವ್ ತೋಂಗ್ ಮೆಟ್ರೋದಲ್ಲಿ ಇಳಿದು ನಡೆಯಬಹುದು. ಲಾಮ್ಮಾ ದ್ವೀಪದ ಸೋಕ್ ಕ್ವೂ ವಾನ್‌ಗೆ ಸೆಂಟ್ರಲ್‌ನ 4ನೇ ಫೆರಿ ಕಟ್ಟೆಯಿಂದ (ಪಿಯರ್), ಚೆಂಗ್ ಚಾವ್ ದ್ವೀಪಕ್ಕೆ 5ನೇ ಕಟ್ಟೆಯಿಂದ ಫೆರಿ ಹೋಗುತ್ತದೆ. ದ್ವೀಪಕ್ಕೆ ಹೋದರೆ ವಾಪಸ್ ಬರುವ ಕೊನೆಯ ಫೆರಿಯ ಹೊತ್ತನ್ನು ಊಟಕ್ಕೆ ಕೂರುವ ಮುಂಚೆಯೇ ನೋಡಿಕೊಳ್ಳಿ.

ವ್ಯವಸ್ಥೆ ಎರಡು ಬಗೆ. ಒಂದು, ರೆಸ್ಟೋರೆಂಟ್‌ನದೇ ತೊಟ್ಟಿ, ಅಲ್ಲೇ ಆರಿಸಿ ಅಲ್ಲೇ ತಿನ್ನುವುದು. ಇನ್ನೊಂದು, ಮೀನಂಗಡಿಯಲ್ಲಿ ಕೊಂಡು ರೆಸ್ಟೋರೆಂಟ್‌ಗೆ ಕೊಟ್ಟು ಅಡುಗೆ ಕೂಲಿ ಕಟ್ಟುವುದು. ಎರಡನೆಯದರಲ್ಲಿ ಬಿಲ್ ಎರಡು. ಮೀನಿನ ದುಡ್ಡು ಕೊಟ್ಟು "ಆಯಿತು" ಅಂದುಕೊಂಡವರು ರಾತ್ರಿ ಕೊನೆಗೆ ಬೆಚ್ಚಿಬೀಳುತ್ತಾರೆ.

ಈಗ ತೂಕ. ಹಾಂಕಾಂಗ್‌ನಲ್ಲಿ ಮೀನನ್ನು ಕ್ಯಾಟಿ ಲೆಕ್ಕದಲ್ಲಿ ಮಾರುತ್ತಾರೆ, ಆಡುಮಾತಿನಲ್ಲಿ "ಗಾನ್". ಒಂದು ಕ್ಯಾಟಿ ಸುಮಾರು 605 ಗ್ರಾಂ. ಒಂದು ಕ್ಯಾಟಿಗೆ 16 ಟೇಲ್, ಆಡುಮಾತಿನಲ್ಲಿ "ಲ್ಯೋಂಗ್". ಒಂದು ಟೇಲ್ ಸುಮಾರು 38 ಗ್ರಾಂ. ಗಡಿ ದಾಟಿ ಶೆನ್‌ಜೆನ್‌ಗೆ ಹೋದರೆ ಅಲ್ಲಿನ ಕ್ಯಾಟಿ 500 ಗ್ರಾಂ, ಅದಕ್ಕೆ ಹತ್ತೇ ಟೇಲ್. ಎರಡನ್ನೂ ಕಲಸಬೇಡಿ.

ಇದು ಯಾಕೆ ಮುಖ್ಯ ಅಂದರೆ, ಬೋರ್ಡ್‌ನಲ್ಲಿ 300 ಅಂತ ಇದೆ ಅಂದುಕೊಳ್ಳಿ. ಅದು ಕ್ಯಾಟಿಗೆ ಆದರೆ 1 ಕ್ಯಾಟಿ 6 ಟೇಲ್ ತೂಗುವ ಮೀನಿಗೆ ಸುಮಾರು 413 ಹಾಂಕಾಂಗ್ ಡಾಲರ್. ಅದು ಟೇಲ್‌ಗೆ ಆದರೆ ಅದೇ ಮೀನಿಗೆ 6,600 ಡಾಲರ್. ಒಂದು ಹಾಂಕಾಂಗ್ ಡಾಲರ್‌ಗೆ ಹತ್ತೇ ರೂಪಾಯಿ ಅಂತ ಹಿಡಿದರೂ 66,000 ರೂಪಾಯಿ ಆಗುತ್ತದೆ. ಬೋರ್ಡ್‌ನಲ್ಲಿ ಅಂಕಿ ಮಾತ್ರ ನೋಡಿ ತಲೆಯಾಡಿಸಿದವರ ಕಥೆ ಹೀಗೇ ಆಗುವುದು. "ಮಾರುಕಟ್ಟೆ ದರ" ಅಂತ ಮಾತ್ರ ಬರೆದಿದ್ದರೆ ಇನ್ನೂ ಹುಷಾರು.

ಮೀನು ನೀರಲ್ಲಿ ಇರುವಾಗಲೇ ಈ ಪ್ರಶ್ನೆಗಳನ್ನು ಇದೇ ಸರದಿಯಲ್ಲಿ ಕೇಳಿ:

1. ಒಂದು ಕ್ಯಾಟಿಗೆ ಎಷ್ಟು? "ಗೇಯ್ ಚಿನ್ ಯಾತ್ ಗಾನ್?" ಉತ್ತರವನ್ನು ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ತೋರಿಸಲು ಹೇಳಿ.
2. ಈ ಮೀನು ಎಷ್ಟು ತೂಗುತ್ತದೆ? ತಕ್ಕಡಿಯ ಮುಂದೆ ನೀವೇ ನಿಂತು ನೋಡಿ. ಚೀಲದ ನೀರು ಚೆಲ್ಲಿಸಿ ತೂಗಿಸಿ, ನೀರೂ ತೂಕವೇ.
3. ಹಾಗಾದರೆ ಇದಕ್ಕೆ ಒಟ್ಟು ಎಷ್ಟು? ಇದನ್ನು ಕಾಗದದ ಮೇಲೆ ಬರೆಸಿಕೊಳ್ಳಿ.
4. ಅಡುಗೆ ಕೂಲಿ ಎಷ್ಟು? ತೂಕಕ್ಕೋ, ತಟ್ಟೆಗೋ, ತಲೆಗೋ?
5. ಶೇಕಡಾ 10 ಸರ್ವಿಸ್ ಚಾರ್ಜ್ ಇದರಲ್ಲಿ ಸೇರಿದೆಯೋ, ಬೇರೆಯೋ?

ಐದಕ್ಕೂ ಉತ್ತರ ಸಿಕ್ಕ ಮೇಲೆ ಹೂಂ ಅನ್ನಿ. ಒಂದಕ್ಕೆ ನುಣುಚಿಕೊಂಡರೂ ಪಕ್ಕದ ಅಂಗಡಿಗೆ ನಡೆಯಿರಿ. ಮುಖ ನೋಡಿ ದಾಕ್ಷಿಣ್ಯ ಪಟ್ಟರೆ ಕೆಟ್ಟಿರಿ. ಬೆಲೆ ಕೇಳಿ ಬಿಟ್ಟು ಹೋಗುವುದು ಅಲ್ಲಿ ಅವಮಾನ ಅಲ್ಲ, ಊರಿನವರೂ ಅದನ್ನೇ ಮಾಡುತ್ತಾರೆ.

ಯಾವ ಮೀನು? ಗರೂಪಾ (ಗ್ರೂಪರ್) ಜಾತಿಯ ಮೀನಿಗೆ ಇಲ್ಲಿ ಬೆಲೆ ಜಾಸ್ತಿ. ಕೆಂಪು ಮೈಗೆ ಚುಕ್ಕಿ ಇರುವ ಹವಳದಿಬ್ಬದ ಗರೂಪಾ ಅಂತೂ ಹಬ್ಬ ಮದುವೆಯ ಮೀನು. ಮೊದಲ ಸಲ ಅದಕ್ಕೆ ಕೈ ಹಾಕಬೇಡಿ. ಸಾಕಿದ ಗರೂಪಾ ಅಥವಾ ಸೀ ಬಾಸ್ ಸಾಕು. ಬೇರೆ ತಟ್ಟೆಗಳೂ ಇದ್ದರೆ ನಾಲ್ಕು ಜನಕ್ಕೆ ಒಂದರಿಂದ ಒಂದೂವರೆ ಕ್ಯಾಟಿಯ ಮೀನು ಧಾರಾಳ. ಹಣೆಯ ಮೇಲೆ ಡುಬ್ಬ ಇರುವ ದೊಡ್ಡ ಹಸಿರು ನೀಲಿ ಮೀನು ಕಂಡರೆ ಅದು ಹಂಪ್‌ಹೆಡ್ ವ್ರಾಸ್, ಅಳಿವಿನ ಅಂಚಿನಲ್ಲಿದೆ. ಬಿಟ್ಟುಬಿಡಿ.

ಇಷ್ಟೆಲ್ಲ ತಲೆನೋವು ಬೇಡ ಅನ್ನುವವರಿಗೆ ಸೆಟ್ ಮೆನು ಇದೆ. ಎರಡು, ನಾಲ್ಕು, ಆರು ಜನಕ್ಕೆ ಇಂತಿಷ್ಟು ಅಂತ ಬೋರ್ಡ್‌ನಲ್ಲೇ ಬರೆದಿರುತ್ತಾರೆ. ಮೊದಲ ಸಲದವರು ಅದನ್ನೇ ಆರಿಸಿದರೆ ನಾನು ಬೇಡ ಅನ್ನುವುದಿಲ್ಲ. ಬೆಲೆ ತಲೆಗೋ ಟೇಬಲ್‌ಗೋ ಅಂತ ಮಾತ್ರ ಕೇಳಿ.

## ಹಂತ 8: ಯಾವುದನ್ನು ಹೇಗೆ ಬೇಯಿಸಬೇಕು ಅಂತ ಹೇಳುವುದು

ಆರಿಸಿದ್ದರ ಪಕ್ಕದಲ್ಲಿ ಅಡುಗೆಯ ಬಗೆಯನ್ನೂ ಹೇಳಬೇಕು, ಸುಮ್ಮನಿದ್ದರೆ ಅವರಿಗೆ ತೋಚಿದ್ದು ಮಾಡುತ್ತಾರೆ. ಮೀನಾದರೆ ಇಡಿಯಾಗಿ ಹಬೆಯಲ್ಲಿ, ಶುಂಠಿ, ಈರುಳ್ಳಿ ಸೊಪ್ಪು, ಸೋಯಾ ಸಾಸ್ ಹಾಕಿ. ನಮ್ಮ ಕರಾವಳಿಯ ಮಸಾಲೆಗೆ ಒಗ್ಗಿದ ನಾಲಿಗೆಗೆ ಮೊದಲು ಸಪ್ಪೆ ಅನ್ನಿಸೀತು. ಆದರೆ ಜೀವಂತ ಮೀನಿಗೆ ಇಷ್ಟು ದುಡ್ಡು ಕೊಟ್ಟು ಅದನ್ನು ಎಣ್ಣೆಯಲ್ಲಿ ಕರಿಸಿದರೆ ಆ ದುಡ್ಡಿಗೆ ಅರ್ಥವೇ ಇಲ್ಲ. ಖಾರ ಬೇಕಾದವರಿಗೆ ಖಾರ ಏಡಿಯಲ್ಲಿ ಸಿಗುತ್ತದೆ.

ಏಡಿಗೆ "ಬೇ ಫುಂಗ್ ತೋಂಗ್" ಅನ್ನಿ. ಕರಿದ ಬೆಳ್ಳುಳ್ಳಿಯ ರಾಶಿ, ಮೆಣಸಿನಕಾಯಿ ಮೇಲೆ ಸುರಿದು ತರುತ್ತಾರೆ. ಉಳಿದ ಬೆಳ್ಳುಳ್ಳಿಯನ್ನು ಬಿಳಿ ಅನ್ನಕ್ಕೆ ಕಲಸಿ ತಿನ್ನಿ, ಅದನ್ನು ಬಿಟ್ಟು ಏಳಬೇಡಿ. ಸ್ಕಾಲಪ್‌ಗೆ ಬೆಳ್ಳುಳ್ಳಿ ಮತ್ತು ಶಾವಿಗೆ. ಉದ್ದ ಚಿಪ್ಪಿನ ರೇಜರ್ ಕ್ಲಾಮ್‌ಗೆ ಹುದುಗಿಸಿದ ಕಪ್ಪು ಬೀನ್ಸ್. ಬೊಂಡಾಸ್ (ಸ್ಕ್ವಿಡ್) ಮತ್ತು ಮ್ಯಾಂಟಿಸ್ ಸಿಗಡಿಗೆ ಉಪ್ಪು, ಮೆಣಸು. ಮ್ಯಾಂಟಿಸ್ ಸಿಗಡಿಯ ಚಿಪ್ಪಿನ ಅಂಚು ಕೈ ಕೊಯ್ಯುತ್ತದೆ. ಕತ್ತರಿ ಕೇಳಿ ಎರಡೂ ಬದಿ ಕತ್ತರಿಸಿಕೊಳ್ಳಿ. ಚಿಕ್ಕ ಸಿಗಡಿಯನ್ನು ಕುದಿನೀರಿನಲ್ಲಿ ಅದ್ದಿ ತೆಗೆದರೆ ಸಾಕು.

## ಹಂತ 9: ತಟ್ಟೆ ಬಂದಾಗ ನೋಡಬೇಕಾದ್ದು

ನೀವು ಆರಿಸಿದ ಮೀನೇ ಬಂತೋ ಅಂತ ನೋಡುವುದು ತಪ್ಪಲ್ಲ. ತೂಗಿಸುವಾಗ ಒಂದು ಫೋಟೋ ತೆಗೆದಿಟ್ಟರೆ ಅನುಕೂಲ. ಜೀವಂತ ಇದ್ದದ್ದನ್ನೇ ಬೇಯಿಸಿದರೆ ಮಾಂಸ ಗಟ್ಟಿಯಾಗಿ ಪದರ ಪದರ ಬಿಡುತ್ತದೆ, ಮೂಳೆಯ ಹತ್ತಿರ ತುಸು ಅಂಟಿಕೊಂಡಿರುತ್ತದೆ. ಕಣ್ಣು ಹೊರಗೆ ಉಬ್ಬಿರುತ್ತದೆ, ಈಜುರೆಕ್ಕೆ ಎದ್ದಿರುತ್ತದೆ ಅಂತ ಅಲ್ಲಿನವರು ನೋಡುತ್ತಾರೆ. ಮಾಂಸ ಹಿಟ್ಟಿನ ಥರ ಮೆತ್ತಗಿದ್ದರೆ, ಅಮೋನಿಯಾದ ಹಾಗೆ ಮೂಗಿಗೆ ಹೊಡೆದರೆ ಒಂದು ತುತ್ತಿಗೇ ನಿಲ್ಲಿಸಿ ಕರೆಯಿರಿ. ಅರ್ಧ ತಿಂದು ದೂರಿದರೆ ಯಾರೂ ಕೇಳುವುದಿಲ್ಲ. ಲಾಬ್‌ಸ್ಟರ್‌ನ ಬಾಲ ಒಳಗೆ ಸುರುಳಿಯಾಗಿ ಮುದುಡಿದ್ದರೆ ಅದು ಜೀವಂತ ಬೆಂದದ್ದು.

ಮೇಲಿನ ಮಾಂಸ ಮುಗಿದ ಮೇಲೆ ಮೀನನ್ನು ಮಗುಚಬೇಡಿ. ದೋಣಿ ಮಗುಚಿದ ಹಾಗೆ ಅನ್ನುವ ನಂಬಿಕೆ ಅಲ್ಲಿನ ಬೆಸ್ತರದು. ಬಾಲದ ಕಡೆಯಿಂದ ನಡುಮೂಳೆ ಎತ್ತಿ ತೆಗೆದು ಕೆಳಗಿನ ಭಾಗ ತಿನ್ನಿ. ತೆಗೆಯಲು ಬರದಿದ್ದರೆ ಸಿಬ್ಬಂದಿಯೇ ತೆಗೆದುಕೊಡುತ್ತಾರೆ.

ಸಿಗಡಿಯ ಜೊತೆ ನಿಂಬೆ ತುಂಡು ತೇಲುವ ತಿಳಿ ಚಹಾದ ಬಟ್ಟಲು ಬಂದರೆ ಅದು ಬೆರಳು ತೊಳೆಯಲು.

## ಹಂತ 10: ಬಿಲ್

"ಮಾಯ್ ದಾನ್" ಅಂದರೆ ಬಿಲ್ ತರುತ್ತಾರೆ. ಓದುವ ಕ್ರಮ ಹೀಗೆ: ಮೊದಲು ಚಹಾ, ತಲೆ ಎಣಿಸಿ ನೋಡಿ. ಆಮೇಲೆ ಬುಟ್ಟಿಗಳು, ನೀವು ಇಟ್ಟ ಲೆಕ್ಕದ ಜೊತೆ ತಾಳೆ ಮಾಡಿ. ಗಾಡಿಯ ಜಾಗವಾದರೆ ತೆಗೆದುಕೊಂಡ ತಿಂಡಿಗಳಿಗೆ ಟೇಬಲ್ ಮೇಲಿನ ಕಾರ್ಡ್‌ನಲ್ಲಿ ಒತ್ತಿದ ಮುದ್ರೆಗಳನ್ನು ಎಣಿಸಿ. ವಾಪಸ್ ಕೊಟ್ಟ ಕಡಲೆಕಾಯಿ ಸೇರಿದೆಯೋ ನೋಡಿ. ಮೀನಿನ ಸಾಲನ್ನು ಬರೆಸಿಕೊಂಡ ಕಾಗದದ ಪಕ್ಕ ಇಟ್ಟು ನೋಡಿ. ಕೊನೆಗೆ ಶೇಕಡಾ 10. ಅದು ಸೇರಿದ್ದರೆ ಬೇರೆ ಟಿಪ್ಸ್ ಕೊಡಲೇಬೇಕು ಅಂತ ಇಲ್ಲ, ಚಿಲ್ಲರೆ ಬಿಟ್ಟು ಬಂದರೆ ಸಾಕು.

ವ್ಯತ್ಯಾಸ ಕಂಡರೆ ಬೆರಳಿಟ್ಟು ತೋರಿಸಿ. ಜೋರು ಮಾಡುವುದು ಬೇಡ. ಬಹಳ ಸಲ ಅದು ಪಕ್ಕದ ಟೇಬಲ್‌ನ ಬುಟ್ಟಿ ನಿಮ್ಮ ಲೆಕ್ಕಕ್ಕೆ ಬಿದ್ದದ್ದು, ತಕ್ಷಣ ಸರಿ ಮಾಡುತ್ತಾರೆ.

## ಎಲ್ಲಿ ಕೂರಲೇಬಾರದು

ಬೋರ್ಡ್‌ನಲ್ಲಿ ಬೆಲೆಯೇ ಇಲ್ಲದ ತೊಟ್ಟಿ. ಕೈ ಹಿಡಿದು ಒಳಗೆ ಎಳೆಯುವ ದಲ್ಲಾಳಿ. ನಿಮ್ಮ ಕಣ್ಣಿಗೆ ಕಾಣದ ತಕ್ಕಡಿ. ಮಂಕಾದ ನೀರು, ಮಗ್ಗುಲಾಗಿ ತೇಲುವ ಮೀನು, ಬಾಯಿ ಬಿಟ್ಟು ಮುಟ್ಟಿದರೂ ಮುಚ್ಚದ ಚಿಪ್ಪುಮೀನು. ನೀವು ಕೇಳಿದ್ದಕ್ಕಿಂತ ದೊಡ್ಡ ಮೀನನ್ನೇ ಮತ್ತೆ ಮತ್ತೆ ಬಲೆಗೆ ಹಾಕಿ ತೋರಿಸುವವರು. ಇವುಗಳಲ್ಲಿ ಒಂದು ಕಂಡರೂ ಮುಂದೆ ನಡೆಯಿರಿ. ದಡದ ಉದ್ದಕ್ಕೂ ಬೇರೆ ಅಂಗಡಿಗಳಿವೆ.

## ಊಟ ಆದ ಮೇಲೆ ಮೈಯಲ್ಲಿ ಏನಾದರೂ ಆದರೆ

ದೊಡ್ಡ ಹವಳದಿಬ್ಬದ ಮೀನುಗಳಲ್ಲಿ ಸಿಗ್ವಾಟೆರಾ ಅನ್ನುವ ವಿಷ ಇರಬಹುದು. ಬೇಯಿಸಿದರೆ ಹೋಗುವುದಿಲ್ಲ, ರುಚಿಯಲ್ಲೂ ವಾಸನೆಯಲ್ಲೂ ಗೊತ್ತಾಗುವುದಿಲ್ಲ. ಮೀನು ದೊಡ್ಡದಾದಷ್ಟೂ ಅಪಾಯ ಜಾಸ್ತಿ. ತಲೆ, ಚರ್ಮ, ಕರುಳು, ಮೊಟ್ಟೆಗಳಲ್ಲಿ ಇನ್ನೂ ಜಾಸ್ತಿ. ಚಿಕ್ಕ ಮೀನು ಆರಿಸಿ ಅಂತ ಮೇಲೆ ಹೇಳಿದ್ದಕ್ಕೆ ದುಡ್ಡು ಒಂದೇ ಕಾರಣ ಅಲ್ಲ.

ತಿಂದ ಕೆಲವು ಗಂಟೆಗಳಲ್ಲಿ ವಾಂತಿ, ಭೇದಿ, ಬಾಯಿ ಸುತ್ತ ಮತ್ತು ಕೈಕಾಲಲ್ಲಿ ಜುಮ್ಮೆನ್ನುವುದು, ಕೀಲು ನೋವು, ತಣ್ಣಗಿನದು ಮುಟ್ಟಿದರೆ ಸುಟ್ಟ ಹಾಗೆ ಅನ್ನಿಸುವುದು ಇವು ಲಕ್ಷಣಗಳು. ಹೋಟೆಲ್ ರೂಮಿನಲ್ಲಿ ಮಜ್ಜಿಗೆ ಹುಡುಕುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಯಾವ ಮೀನು, ಎಲ್ಲಿ ತಿಂದದ್ದು ಅಂತ ಹೇಳಲು ತೂಗಿಸುವಾಗ ತೆಗೆದ ಫೋಟೋ, ಬಿಲ್ ಎರಡನ್ನೂ ತೋರಿಸಿ. ಚಿಪ್ಪುಮೀನಿನ ಅಲರ್ಜಿಯಿಂದ ತುಟಿ, ಗಂಟಲು ಊದಿ ಉಸಿರು ಕಟ್ಟಿದರೆ ಅದು ಬೇರೆ ತುರ್ತು, ತಡ ಮಾಡದೆ 999ಕ್ಕೆ ಕರೆ ಮಾಡಿ.